ಟೆಂಡರ್ ಷರತ್ತಿನಲ್ಲೇ ಮುಗಿದುಹೋಗುವ ಪೈಪೋಟಿ

ಸರ್ಕಾರಿ ಸಂಸ್ಥೆಗಳು, ರಾಜಕಾರಣಿಗಳ ನಂಟಿರುವ ಕಂಪನಿಗಳು ಮಾರುಕಟ್ಟೆಗೆ ಇಳಿದರೆ ಉಳಿದವರು ಪೈಪೋಟಿ ಮಾಡೋಕೆ ಆಗುತ್ತಾ ಅಂತ ಕೇಳಿದ್ದೀರಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನಾನು ಗದಗ ಜಿಲ್ಲೆಯ ಸಣ್ಣ ಗುತ್ತಿಗೆದಾರ. ಮನೆಯಲ್ಲಿ ಎರಡು ಎಮ್ಮೆಗಳೂ ಇವೆ. ಹಾಗಾಗಿ ಎರಡೂ ಕಡೆಯದನ್ನು ಕಂಡಿದ್ದೇನೆ.

ಮೊದಲು ಹಾಲು. ನಮ್ಮೂರ ಡೇರಿಯ ಹಾಲು ಧಾರವಾಡ ಒಕ್ಕೂಟಕ್ಕೆ ಹೋಗಿ ನಂದಿನಿ ಹೆಸರಲ್ಲಿ ಪೇಟೆಗೆ ಬರುತ್ತದೆ. ನಂದಿನಿ ಸರ್ಕಾರಿ ಕಂಪನಿ ಅಲ್ಲ, ರೈತರ ಸಹಕಾರ ಸಂಘಗಳದ್ದು. ಆದರೂ ಸರ್ಕಾರದ ಬೆಂಬಲ ಗಟ್ಟಿಯಾಗಿದೆ. ಅಲ್ಲಿಗೆ ಹಾಲು ಹಾಕುವವರಿಗೆ ಲೀಟರಿಗೆ ಇಷ್ಟು ಅಂತ ಸರ್ಕಾರದ ಪ್ರೋತ್ಸಾಹಧನ ಇದೆ. 2008ರಲ್ಲಿ ಅದು 2 ರೂಪಾಯಿ ಇತ್ತು, 2013ರಲ್ಲಿ 4, ಆಮೇಲೆ 5 ಆಯಿತು. ಖಾಸಗಿ ಡೇರಿಗೆ ಹಾಕಿದರೆ ಈ ದುಡ್ಡು ಸಿಗುವುದಿಲ್ಲ. ಅಂದರೆ ರೈತನನ್ನು ಸೆಳೆಯಲು ಖಾಸಗಿಯವರು ಅಷ್ಟನ್ನು ಕೈಯಿಂದ ಹಾಕಬೇಕು. ಇದು ಸಮಬಲದ ಪೈಪೋಟಿ ಅಲ್ಲ, ಒಪ್ಪುತ್ತೇನೆ. ಆದರೆ ಒಂದು ಬೇಸಿಗೆಯಲ್ಲಿ ಖಾಸಗಿ ಗಾಡಿಯವನು ಜಾಸ್ತಿ ರೇಟು ಹೇಳಿದರೂ ನಮ್ಮವ್ವ ಕ್ಯಾನು ಎತ್ತಿಕೊಂಡು ಡೇರಿಗೇ ನಡೆದಳು. "ಮಳಿಗಾಲದಾಗ ಹಾಲು ಜಾಸ್ತಿ ಆದ್ರ ಇಂವ ಈ ಕಡಿ ಬರೂದಿಲ್ಲ. ಡೇರಿ ದಿನಾ ತಗೊಳ್ತದ" ಅಂದಳು. ಡೇರಿ ಇರೋದರಿಂದಲೇ ಖಾಸಗಿಯವರೂ ರೇಟು ಇಳಿಸೋಕೆ ಹಿಂದೆಮುಂದೆ ನೋಡುತ್ತಾರೆ.

ನನ್ನ ಹೊಟ್ಟೆ ಉರಿಯುವುದು ಟೆಂಡರ್ ವಿಷಯದಲ್ಲಿ. ಸರ್ಕಾರಿ ಕೆಲಸಕ್ಕೆ 1999ರ ಪಾರದರ್ಶಕತೆ ಕಾಯ್ದೆ ಇದೆ, ನಾವು ಕೆಟಿಪಿಪಿ ಅಂತೀವಿ. ಟೆಂಡರ್ ಕರೆದೇ ಕೆಲಸ ಕೊಡಬೇಕು ಅನ್ನೋದು ಅದರ ತಿರುಳು. ಅದೇ ಕಾಯ್ದೆಯ 4(ಜಿ) ಸೆಕ್ಷನ್ ಅಡಿ ಸರ್ಕಾರ ವಿನಾಯಿತಿ ಕೊಟ್ಟರೆ ತನ್ನದೇ ನಿಗಮಕ್ಕೆ ನೇರವಾಗಿ ಕೆಲಸ ವಹಿಸಬಹುದು. ಅಂಥ ಕೆಲಸ ನಮ್ಮ ಕಣ್ಣಿಗೇ ಬೀಳುವುದಿಲ್ಲ.

ಕಣ್ಣಿಗೆ ಬಿದ್ದ ಒಂದು ಕೆಲಸದ ಕಥೆ ಕೇಳಿ. ಎರಡು ಕೋಣೆಯ ಶಾಲೆ ಕಟ್ಟುವ ಟೆಂಡರ್. ಸ್ಲ್ಯಾಬ್ ಹಾಕೋಕೆ ಬಾಡಿಗೆ ಮಿಕ್ಸರ್ ಸಾಕು. ಷರತ್ತಿನ ಪುಟದಲ್ಲಿ ಮಾತ್ರ ಸ್ವಂತ ಬ್ಯಾಚಿಂಗ್ ಪ್ಲಾಂಟ್, ಅಂದರೆ ದೊಡ್ಡ ಪ್ರಮಾಣದಲ್ಲಿ ಕಾಂಕ್ರೀಟ್ ಕಲಸುವ ಘಟಕ, ಇರಬೇಕು ಅಂತಿತ್ತು! ನಮ್ಮ ಸುತ್ತಮುತ್ತ ಅದಿರೋದು ಇಬ್ಬರ ಬಳಿ, ಇಬ್ಬರೂ ಒಬ್ಬ ಪುಢಾರಿಯ ಕಡೆಯವರು. ನಾವು ಐದಾರು ಜನ ಟೆಂಡರ್ ಹಾಕಿದ್ದರೆ ದರ ಇಲಾಖೆಯ ಎಸ್ಟಿಮೇಟಿಗಿಂತ ಬಿಲೋ, ಅಂದರೆ ಕಡಿಮೆಗೆ, ಹೋಗುತ್ತಿತ್ತು. ಅದು ಅಬೌ, ಅಂದರೆ ಎಸ್ಟಿಮೇಟಿಗಿಂತ ಮೇಲೆ, ಹೋಯಿತು. ಆ ಹೆಚ್ಚಿನ ದುಡ್ಡಲ್ಲಿ ಹೆಣ್ಣುಮಕ್ಕಳಿಗೆ ಒಂದು ಶೌಚಾಲಯ ಕಟ್ಟಬಹುದಿತ್ತು.

ಸರ್ಕಾರದ ಕಂಪನಿ ಅಂದಮಾತ್ರಕ್ಕೆ ಕಾನೂನಿನಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ. ಪೈಪೋಟಿ ಕೆಡಿಸುವವರನ್ನು ತಡೆಯುವ 2002ರ ಸ್ಪರ್ಧಾ ಕಾಯ್ದೆ, ಸರ್ಕಾರಿ ಕಲ್ಲಿದ್ದಲು ಕಂಪನಿ ಕೋಲ್ ಇಂಡಿಯಾಗೂ ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟ್ 2023ರ ಜೂನ್‌ನಲ್ಲಿ ಹೇಳಿದೆ. ಬಿಡ್ (ಟೆಂಡರಿಗೆ ದರ) ಹಾಕುವವರು ಒಳಗೊಳಗೇ ಮಾತಾಡಿಕೊಂಡು ದರ ಬರೆದರೂ ಅದೇ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ತಪ್ಪು. ಆದರೆ ನಾನು ದೆಹಲಿಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರೆ, ನಾಳೆ ಟೆಂಡರ್ ಕರೆದ ಇದೇ ಕಚೇರಿಯಲ್ಲಿ ನನ್ನ ಬಿಲ್ ಪಾಸಾಗಬೇಕಲ್ವಾ?

ಅದಕ್ಕೇ ಈಗ ಟೆಂಡರ್ ಬಂದ ದಿನವೇ ಷರತ್ತು ಓದುತ್ತೇವೆ. ಕೆಲಸಕ್ಕೆ ಬೇಡದ್ದು ಕಂಡರೆ, ಬಿಡ್ ಹಾಕೋ ಮೊದಲು ಗುತ್ತಿಗೆದಾರರ ಪ್ರಶ್ನೆ ಕೇಳುವ ಪ್ರೀ-ಬಿಡ್ ಸಭೆಗೆ ಮುಂಚೆ ನಾಲ್ಕೈದು ಜನ ಸೇರಿ ಒಂದೇ ಅರ್ಜಿಗೆ ಸಹಿ ಹಾಕಿ, ಸ್ವೀಕೃತಿ ತಗೊಂಡು ಬರುತ್ತೇವೆ. ಕಳೆದ ಸಲ ಒಂದು ಷರತ್ತು ತೆಗೆದರು. ಏಳು ಬಿಡ್ ಬಂದವು.