ಪ್ರಶ್ನೆ ಬಾಯಿಪಾಠವಾದರೆ ಸಾಲದು

ಓದುಗರ ಪತ್ರ: ಸ್ಟುಟ್‌ಗಾರ್ಟ್‌ನಲ್ಲಿರುವ ಮಗಳ ಮನೆಗೆ ನಾನೂ ನಮ್ಮ ಯಜಮಾನರೂ ಹೊರಟಿದ್ದೇವೆ. ಇನ್ನೂರು ಜರ್ಮನ್ ವಾಕ್ಯಗಳನ್ನು ಕನ್ನಡದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದೇನೆ. ಇಷ್ಟು ಸಾಕೇ? ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. (ಮೈಸೂರಿನಿಂದ ಓದುಗರೊಬ್ಬರು)

ಸಂಪಾದಕರ ಉತ್ತರ: ಇನ್ನೂರು ಬೇಡ, ಇಪ್ಪತ್ತು ಇಟ್ಟುಕೊಳ್ಳಿ. ನೀವು ಸ್ಪಷ್ಟವಾಗಿ ಜರ್ಮನ್‌ನಲ್ಲಿ ಕೇಳಿದರೆ, ಭಾಷೆ ಬರುತ್ತದೆಂದುಕೊಂಡು ಎದುರಿನವರು ಗಡಗಡನೆ ಉತ್ತರಿಸುತ್ತಾರೆ. ಕಷ್ಟ ಶುರುವಾಗುವುದೇ ಅಲ್ಲಿ. ಹಾಗಾಗಿ ಹೌದು, ಇಲ್ಲ ಅಥವಾ ಒಂದು ಸಂಖ್ಯೆಯಲ್ಲಿ ಉತ್ತರ ಮುಗಿಯುವಂಥ ಪ್ರಶ್ನೆಗಳನ್ನೇ ಆರಿಸಿ.

ಊಟದ ವಿಷಯದಲ್ಲಿ ಇದು ಬಹಳ ಮುಖ್ಯ. ‘ಇದರಲ್ಲಿ ಏನೇನಿದೆ?’ ಎಂದು ಕೇಳಿದರೆ ಉದ್ದ ಪಟ್ಟಿ ಬರುತ್ತದೆ. ಅದರ ಬದಲು ‘ಇಸ್ಟ್ ಡಾ ಫ್ಲೈಶ್ ಡ್ರಿನ್?’ (ಇದರಲ್ಲಿ ಮಾಂಸ ಇದೆಯೇ?) ಎನ್ನಿ. ಉತ್ತರ ‘ಯಾ’ ಅಥವಾ ‘ನೈನ್’. ಫ್ಲೈಶ್ ಜಾಗದಲ್ಲಿ ‘ಐ’ ಇಟ್ಟರೆ ಮೊಟ್ಟೆ, ‘ಫಿಶ್’ ಇಟ್ಟರೆ ಮೀನು. ‘ಷ್ಪೆಕ್’ ಎಂಬುದನ್ನೂ ಬೇರೆಯಾಗಿಯೇ ಕೇಳಿ: ಹುರಿದ ಆಲೂಗಡ್ಡೆಗೆ ಹಂದಿಯ ಕೊಬ್ಬಿನ ಸಣ್ಣ ತುಂಡುಗಳನ್ನು ಹಾಕುವುದುಂಟು. ತರಕಾರಿ ಸೂಪಿನಲ್ಲಿ ತುಂಡು ಕಾಣದಿದ್ದರೂ ಅದರ ನೀರು ಮಾಂಸ ಬೇಯಿಸಿದ್ದಾಗಿರಬಹುದು. ಅದಕ್ಕೆ ‘ಫ್ಲೈಶ್‌ಬ್ರ್ಯೂಎ’ ಎನ್ನುತ್ತಾರೆ. ಸ್ಟುಟ್‌ಗಾರ್ಟ್ ಕಡೆಯ ‘ಕೇಸೆಷ್ಪೆಟ್ಸ್‌ಲೆ’ ಚೀಸ್ ಹಾಕಿದ, ಮಾಂಸವಿಲ್ಲದ ತಿನಿಸು. ಆದರೆ ಮೊಟ್ಟೆ ಹಿಟ್ಟಿನಲ್ಲೇ ಕಲೆಸಿರುವುದರಿಂದ ಬೇಡವೆಂದರೂ ತೆಗೆಯಲಾಗದು.

ಇನ್ನು ಸಂಖ್ಯೆ. ನಾವು ಮೂವತ್ತೈದು ಎನ್ನುವಾಗ ಹತ್ತರ ಸ್ಥಾನ ಮೊದಲು ಬರುತ್ತದೆ. ಅವರಲ್ಲಿ ‘ಫ್ಯುನ್ಫ್ ಉಂಟ್ ಡ್ರೈಸಿಶ್’, ಅಂದರೆ ಐದು ಮತ್ತು ಮೂವತ್ತು. ಕೇಳಿದ ಕ್ರಮದಲ್ಲೇ ಬರೆದರೆ 35 ಹೋಗಿ 53 ಆಗುತ್ತದೆ, ರೈಲು ತಪ್ಪುತ್ತದೆ. ಮೊದಲು ಕೇಳಿದ ಅಂಕಿಯನ್ನು ಬಲಕ್ಕೆ ಬರೆದು ಎಡಗಡೆ ಜಾಗ ಬಿಡಿ. ‘ಹಲ್ಪ್ ಅಖ್ಟ್’ ಎಂದರೆ ಎಂಟೂವರೆಯಲ್ಲ, ಏಳೂವರೆ. ಎಂಟಕ್ಕೆ ಅರ್ಧ ಗಂಟೆ ಬಾಕಿ ಎಂಬ ಲೆಕ್ಕ. ‘ತ್ಸ್‌ವೋ’ ಎಂದು ಕೇಳಿಸಿದರೆ ಅದು ಎರಡೇ. ‘ತ್ಸ್‌ವೈ’ ಎಂಬ ಮಾಮೂಲಿ ಪದ ಹೇಳಿದರೆ ‘ಡ್ರೈ’ ಎಂಬ ಮೂರರೊಡನೆ ಬೆರೆಯಬಹುದೆಂದು ಫೋನಿನಲ್ಲಿ ಹಾಗೆ ಹೇಳುತ್ತಾರೆ. ನಿಲ್ದಾಣದಲ್ಲಿ ‘ಗ್ಲೈಸ್’ ಎಂದರೆ ಪ್ಲಾಟ್‌ಫಾರಂ, ‘ಫೆಲ್ಟ್ ಔಸ್’ ಎಂದರೆ ರೈಲು ರದ್ದು. ಏನೂ ತಿಳಿಯದಿದ್ದರೆ ಕಾಗದ, ಪೆನ್ನು ಮುಂದಿಟ್ಟು ‘ಶ್ರೈಬನ್ ಜೀ ದಸ್ ಬಿಟ್ಟೆ ಔಫ್’ (ದಯವಿಟ್ಟು ಬರೆದುಕೊಡಿ) ಎನ್ನಿ. ನಿಮ್ಮ ಇಪ್ಪತ್ತರಲ್ಲಿ ಇದು ಇರಲೇಬೇಕು.

ಉಚ್ಚಾರದಲ್ಲಿ ಕನ್ನಡಿಗರು ಎಡವುವುದು ಪದದ ಕೊನೆಯಲ್ಲಿ. ‘ಗೂಟ್’ (ಒಳ್ಳೆಯದು) ಎಂಬುದು ನಮ್ಮ ಬಾಯಲ್ಲಿ ‘ಗೂಟು’ ಆಗುತ್ತದೆ. ಕೊನೆಯ ವ್ಯಂಜನಕ್ಕೆ ಸ್ವರ ಅಂಟಿಸಬೇಡಿ. ಮೇಲೆ ‘ಫ್ಯು’, ‘ಬ್ರ್ಯೂ’ ಎಂದು ಬರೆದಿರುವ ಸ್ವರ ಕನ್ನಡ ಲಿಪಿಗೆ ಸಿಗದು: ನಾಲಿಗೆ ‘ಈ’ ಎನ್ನುವಲ್ಲೇ ಇರಲಿ, ತುಟಿ ಮಾತ್ರ ‘ಊ’ ಎನ್ನುವಂತೆ ದುಂಡಗಾಗಲಿ.

ಯಾರಾದರೂ ಇನ್ನೊಂದು ಲೋಟ ಕಾಫಿ ಬೇಕೇ ಎಂದಾಗ ಬರೀ ‘ಡಂಕೆ’ (ಧನ್ಯವಾದ) ಎಂದರೆ ಬೇಡ ಎಂದೇ ತಿಳಿಯುತ್ತಾರೆ. ಬೇಕಿದ್ದರೆ ‘ಯಾ, ಬಿಟ್ಟೆ’ (ಹೌದು, ದಯವಿಟ್ಟು) ಎನ್ನಿ.

ಹೊರಡುವವರೆಗೆ ದಿನವೂ ಮಗಳಿಗೆ ಫೋನ್ ಮಾಡಿ, ರೈಲಿನ ಹತ್ತು ಸಮಯಗಳನ್ನು 24 ಗಂಟೆಯ ಲೆಕ್ಕದಲ್ಲಿ ಜರ್ಮನ್‌ನಲ್ಲಿ ಓದಿಸಿ. ಕೇಳಿದ್ದನ್ನು ಅಂಕಿಯಲ್ಲಿ ಬರೆದು ಅವರಿಂದಲೇ ತಿದ್ದಿಸಿಕೊಳ್ಳಿ. ಯಜಮಾನರೂ ಬೇರೆ ಹಾಳೆಯಲ್ಲಿ ಬರೆಯಲಿ.