ಕಂಬಳಿ ಬೇಡ, ಬಾಳೆಹಣ್ಣು ಒಯ್ಯಿರಿ

ಅವರನ್ನು ಇಲ್ಲಿ ಟೀಚರ್ ಎಂದೇ ಕರೆಯುತ್ತೇನೆ. ಮನೆಯ ಕೆಲವು ವಿವರ ಬದಲಾಯಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. "ನಮ್ಮ ಸಭೆಯವರೇ ಓದಿದ್ರೂ ಗುರ್ತು ಸಿಗಬಾರ್ದು ನೋಡ್ರಿ" ಎಂಬುದೊಂದೇ ಷರತ್ತು. ಸಭೆ ಎಂದರೆ ಅವರ ಚರ್ಚಿನವರು.

ಐವತ್ತು ದಾಟಿದ ಹೈಸ್ಕೂಲು ಟೀಚರ್. ಉತ್ತರ ಕರ್ನಾಟಕದ ಊರು. ಮೂರು ತಿಂಗಳಿಂದ ನಿದ್ದೆ ಇಲ್ಲ, ಬಿಪಿ ಇಳಿಯುತ್ತಿಲ್ಲ ಎಂದು ಡಾಕ್ಟರು ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಕಳಿಸಿದ್ದರು. ಮೊದಲ ಅರ್ಧ ಗಂಟೆ ಮಗಳ ಮದುವೆಯ ಮಾತೇ ಆಯಿತು. ಗಂಡು ಗೊತ್ತಾಗಿದೆ, ಹಾಲ್ ಸಿಕ್ಕಿಲ್ಲ, ಅಡುಗೆಯವರು ಜಾಸ್ತಿ ಕೇಳುತ್ತಿದ್ದಾರೆ. ನಾನು ಕೇಳುತ್ತಾ ಕೂತೆ. ಹಾಲ್ ಸಿಗದೇ ಇದ್ದರೆ ಯಾರಿಗೂ ಮೂರು ತಿಂಗಳು ನಿದ್ದೆ ಕೆಡುವುದಿಲ್ಲ, ಅಲ್ವಾ?

ಎದ್ದು ಹೊರಡುವಾಗ ಬಾಗಿಲ ಹತ್ತಿರ ನಿಂತು ಹೇಳಿದರು. "ನಮ್ಮ ಮನೆಯವರಿಗೆ ಒಬ್ಬ ಅಣ್ಣ ಇದ್ದಾರ್ರಿ. ಎಲ್ಲರಿಗೂ ಮುಂಬೈದಾಗ ಅದಾರ ಅಂತ ಹೇಳೀವಿ."

ಮುಂಬೈಯಲ್ಲಿ ಇರಲಿಲ್ಲ. 1980ರ ದಶಕದ ಕೊನೆಯಲ್ಲಿ ಕುಷ್ಠರೋಗ ಎಂದು ಗೊತ್ತಾದ ಮೇಲೆ ಅವರು ಮನೆ ಬಿಟ್ಟಿದ್ದರು. ಯಾರೂ ಹೋಗು ಎನ್ನಲಿಲ್ಲವಂತೆ. ತಟ್ಟೆ ಬೇರೆ ಆಯಿತು, ಹಾಸಿಗೆ ಹಿತ್ತಲ ಕೋಣೆಗೆ ಹೋಯಿತು, ಒಂದು ಬೆಳಗ್ಗೆ ಅವರೇ ಎದ್ದು ಹೋದರು. ಅಂದಿನಿಂದ ಮನೆಯಲ್ಲಿ ಆ ಕಾಯಿಲೆಯ ಹೆಸರನ್ನು ಯಾರೂ ಎತ್ತಿಲ್ಲ. "ಆ ಜಡ್ಡು" ಅಷ್ಟೇ. ಈಗ ಬಸ್ಸಿನಲ್ಲಿ ಎರಡು ಗಂಟೆ ದೂರದ ಕಾಲೊನಿಯೊಂದರಲ್ಲಿ ಇದ್ದಾರೆ. ಕ್ರಿಸ್ಮಸ್ ಮುಗಿದ ಮೇಲೆ ಅವರಿಂದ ಫೋನ್ ಬಂತು. ಆಸ್ತಿ ಕೇಳಲಿಲ್ಲ, ದುಡ್ಡು ಕೇಳಲಿಲ್ಲ. ತಮಗೆ ದೀಕ್ಷಾಸ್ನಾನ ಆದ ಚರ್ಚಿನಲ್ಲಿ ಈಸ್ಟರ್ ದಿನ ಒಂದು ಸಲ ಕರ್ತನ ಭೋಜನ ತೆಗೆದುಕೊಳ್ಳಬೇಕು ಎಂದರು. ಯೇಸುವಿನ ಕೊನೆಯ ಊಟದ ನೆನಪಿಗೆ ಆರಾಧನೆಯಲ್ಲಿ ಎಲ್ಲರೂ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು ಅದು. "ನೋಡ್ತೀವಿ ಭಾವ" ಎಂದು ಟೀಚರ್ ಫೋನ್ ಇಟ್ಟರು. ನಿದ್ದೆ ಹೋದದ್ದು ಆ ರಾತ್ರಿಯಿಂದ.

ಎರಡನೇ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ಭಯಕ್ಕೆ ಕಾರಣ ಅಜ್ಞಾನ ಎಂದುಕೊಂಡು ಪಾಠ ಶುರು ಮಾಡಿದೆ. ಇದು ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ, 1873ರಲ್ಲೇ ನಾರ್ವೆಯ ಹ್ಯಾನ್ಸೆನ್ ಅದನ್ನು ಕಂಡುಹಿಡಿದರು, ಈಗ ಆರು ತಿಂಗಳು ಅಥವಾ ಒಂದು ವರ್ಷದ ಮಾತ್ರೆಯಲ್ಲಿ ಗುಣವಾಗುತ್ತದೆ, ಮಾತ್ರೆ ಉಚಿತ, ಹೆಚ್ಚಿನವರ ಮೈಗೆ ಇದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಅವರು ತಾಳ್ಮೆಯಿಂದ ಕೇಳಿ, "ಗೊತ್ತದ ರೀ ಮೇಡಂ. ಸೈನ್ಸ್ ನಾನೇ ಹೇಳಿಕೊಡ್ತೀನಿ" ಎಂದರು. ಭಾವ ಆ ಕಾಲದ ಪದ್ಧತಿಯಂತೆ ಎರಡು ವರ್ಷ ಮಾತ್ರೆ ತಿಂದು ಗುಣವಾಗಿದ್ದೂ ಅವರಿಗೆ ಗೊತ್ತಿತ್ತು. ಮಡಚಿಕೊಂಡ ಬೆರಳು, ಸ್ಪರ್ಶವಿಲ್ಲದ ಪಾದ, ಅದರ ಹುಣ್ಣು, ಇವೆಲ್ಲ ಹಳೆಯ ನರಹಾನಿಯ ಗುರುತು, ಅಂಟುವ ರೋಗವಲ್ಲ ಎಂದು ನನಗಿಂತ ಚೆನ್ನಾಗಿ ವಿವರಿಸಿದರು.

ತಿಳಿವಳಿಕೆ ಸಾಲದೆ ಅವರಿಗೆ ಕಷ್ಟವಾಗಿರಲಿಲ್ಲ. ಕಷ್ಟ ಎಲ್ಲಿತ್ತು ಎಂದು ನನಗೆ ಗೊತ್ತಾಗಿದ್ದು ಇನ್ನೊಂದು ಮಾತಿನಿಂದ. ಹನ್ನೊಂದು ವರ್ಷದಿಂದ ಟೀಚರ್ ಸಭೆಯ ಮಹಿಳಾ ಸಂಘದವರನ್ನು ಕರೆದುಕೊಂಡು ಡಿಸೆಂಬರಿನಲ್ಲಿ ಕುಷ್ಠರೋಗಿಗಳ ಕಾಲೊನಿಗೆ ಹೋಗುತ್ತಾರೆ. ಭಾವ ಇರುವ ಕಾಲೊನಿಗಲ್ಲ, ಬೇರೆಯದಕ್ಕೆ! ಕಂಬಳಿ, ಕೇಕು, ಒಂದು ಪ್ರಾರ್ಥನೆ, ಒಂದು ಫೋಟೊ. ಕೊಡುವುದು ಹೇಗೆ ಎಂದು ಕೇಳಿದೆ. "ಟೇಬಲ್ ಮ್ಯಾಲೆ ಇಡ್ತೀವಿ. ಅವ್ರು ಬಂದು ತಗೊಂಡು ಹೋಗ್ತಾರ." ಹೇಳಿದ ಮೇಲೆ ಸುಮ್ಮನಾದರು. ನಾನೂ ಏನೂ ಹೇಳಲಿಲ್ಲ.

ನಾನು ಕ್ರೈಸ್ತಳಲ್ಲ. ಮೊದಲ ದಿನವೇ ಹೇಳಿದ್ದೆ. ಅವರ ನಂಬಿಕೆಯ ಬಗ್ಗೆ ಅವರಿಗೇ ಉಪದೇಶ ಮಾಡುವುದು ನನ್ನ ಕೆಲಸವೂ ಅಲ್ಲ. ಆದರೆ ಅವರ ತಳಮಳದ ಭಾಷೆ ಅದೇ ಆಗಿತ್ತು. "ನಾನು ಸುಳ್ಳು ವಿಶ್ವಾಸಿ" ಎನ್ನುತ್ತಿದ್ದರು. ಹಾಗಾಗಿ, ನನಗೆ ಗೊತ್ತಿಲ್ಲದ ಕತೆ ಹೇಳುವಂತೆ ಕೇಳಿಕೊಂಡೆ: ನಿಮ್ಮ ಬೈಬಲಿನಲ್ಲಿ ಈ ಕಾಯಿಲೆಯವರು ಎಲ್ಲೆಲ್ಲಿ ಬರುತ್ತಾರೆ?

ಯೇಸು ಮುಟ್ಟಿ ಗುಣಪಡಿಸಿದವನ ಕತೆ ಬಂತು. ಹತ್ತು ಜನರಲ್ಲಿ ಒಬ್ಬನೇ ಮರಳಿ ಬಂದ ಕತೆ ಬಂತು. ಇವೆರಡನ್ನೂ ನಾನೂ ಕೇಳಿದ್ದೆ. ಮೂರನೆಯದು ಅವರಿಗೆ ತಡವಾಗಿ ನೆನಪಾಯಿತು. ಮಾರ್ಕನ ಸುವಾರ್ತೆಯ ಹದಿನಾಲ್ಕನೇ ಅಧ್ಯಾಯ. ಸಾಯುವುದಕ್ಕೆ ಕೆಲವೇ ದಿನ ಮೊದಲು ಯೇಸು ಬೇಥಾನ್ಯದಲ್ಲಿ ಕುಷ್ಠರೋಗಿ ಸೀಮೋನ ಎಂಬವನ ಮನೆಯಲ್ಲಿ ಊಟಕ್ಕೆ ಕೂತಿದ್ದಾನೆ. ಒಬ್ಬ ಹೆಂಗಸು ಬಂದು ತಲೆಗೆ ಸುಗಂಧ ತೈಲ ಸುರಿಯುವುದು ಅಲ್ಲೇ. ಚರ್ಚಿನಲ್ಲಿ ಪ್ರಸಂಗ ಮಾಡುವವರೆಲ್ಲ ಆ ತೈಲದ ಬಗ್ಗೆ ಮಾತಾಡುತ್ತಾರಂತೆ, ಮನೆ ಯಾರದು ಎಂದು ಕೇಳುವುದಿಲ್ಲವಂತೆ.

"ಅಲ್ಲಿ ಕೊಟ್ಟದ್ದು ಯಾರು, ತಗೊಂಡದ್ದು ಯಾರು?" ಎಂದು ಕೇಳಿದೆ.

"ಉಂಡಾವ ಯೇಸು" ಎಂದರು. ಆಮೇಲೆ ಬಹಳ ಹೊತ್ತು ಕಿಟಕಿ ನೋಡುತ್ತಾ ಕೂತರು.

ಆ ದಿನವೇ ಅವರ ಹಿರಿಯರ ಮಾತೂ ಬಂತು. ತವರಿನ ಮೂಲ ಕರಾವಳಿ. ಮುತ್ತಜ್ಜನ ಅಪ್ಪ ಶೇಂದಿ ಇಳಿಸುತ್ತಿದ್ದವರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತಲ್ಲ, ಆಮೇಲಿನ ವರ್ಷಗಳಲ್ಲಿ ಮತ ಬದಲಾಯಿಸಿದವರನ್ನು ಜಾತಿಯವರು ಹೊರಗೆ ಹಾಕುತ್ತಿದ್ದರು. ಬಾವಿ ಇಲ್ಲ, ಗೇಣಿ ಇಲ್ಲ. ಶೇಂದಿ ಕೆಲಸ ಮಿಶನಿನವರಿಗೆ ಒಪ್ಪಿಗೆ ಇಲ್ಲ. ಆಗ ಮಿಶನಿನವರು ಮಗ್ಗ ಹಾಕಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅದರಲ್ಲೂ ಕೊರತೆ ಇರಲಿಲ್ಲವೆಂದಲ್ಲ, ದೊರೆಗಳ ಗತ್ತು ಇದ್ದೇ ಇತ್ತು. ಆದರೂ ಬಹಿಷ್ಕಾರ ಬಿದ್ದವರಿಗೆ ಸಿಕ್ಕಿದ್ದು ವರ್ಷಕ್ಕೊಂದು ಕಂಬಳಿಯಲ್ಲ, ದಿನದ ಕೂಲಿ. ಟೀಚರ್ ಮನೆಯಲ್ಲಿ ಆ ಮಗ್ಗದ ಲಾಳಿ ಒಂದನ್ನು ಇನ್ನೂ ಶೋಕೇಸಿನಲ್ಲಿ ಇಟ್ಟಿದ್ದಾರೆ. ಹೊರಗೆ ಹಾಕಿಸಿಕೊಂಡವರ ಮೊಮ್ಮಕ್ಕಳೇ ಒಬ್ಬನನ್ನು ಮುಂಬೈಗೆ ಕಳಿಸಿದ್ದರು. ಇದನ್ನು ನಾನು ಹೇಳಲಿಲ್ಲ. ಲಾಳಿಯ ಮಾತು ಎತ್ತಿದವರು ಅವರೇ.

ನಾನು ಕೊಟ್ಟ ಸಲಹೆ ಇಷ್ಟು. ಅವರನ್ನು ಈಗಲೇ ಮನೆಗೆ ಕರೆಯಬೇಡಿ, ಸಭೆಯಲ್ಲಿ ಸಾಕ್ಷಿ ಹೇಳಬೇಡಿ. ಮೊದಲು ನೀವು ಅವರ ಮನೆಗೆ ಹೋಗಿ, ಕೊಟ್ಟದ್ದನ್ನು ಉಂಡು ಬನ್ನಿ. "ಬರಿಗೈಲೆ ಹ್ಯಾಂಗ ಹೋಗೂದ್ರಿ?" ಎಂದು ಕೇಳಿದರು. ಭಾವನ ಮನೆಗೆ ಹೋಗುವಾಗ ಏನು ಒಯ್ಯುತ್ತಾರೋ ಅದನ್ನು ಒಯ್ಯಿರಿ, ಒಂದು ಡಜನ್ ಬಾಳೆಹಣ್ಣು ಸಾಕು, ಕಂಬಳಿ ಮಾತ್ರ ಬೇಡ ಎಂದೆ.

ಮುಂದಿನ ವಾರ ಬಂದವರು ಕೂರುವ ಮೊದಲೇ ಹೇಳಿದರು, "ನನಗೊಬ್ಬಾಕಿ ನೆಗೆಣ್ಣಿ ಇದ್ದಾಳ್ರಿ!" ಭಾವ ಕಾಲೊನಿಯಲ್ಲೇ ಮದುವೆಯಾಗಿದ್ದರು. ಹೆಂಡತಿಯೂ ಗುಣವಾದವರು. ಒಂದು ಕೋಣೆ, ಮುಂದೆ ತುಳಸಿಯಷ್ಟೇ ಅಗಲದ ಕರಿಬೇವಿನ ಗಿಡ, ಗೋಡೆಯ ಮೇಲೆ ಹಳೆಯ ಕ್ಯಾಲೆಂಡರಿನ ಶಿಲುಬೆ. ನೆಗೆಣ್ಣಿ ರೊಟ್ಟಿ ಬಡಿದು ಎಣ್ಣೆಗಾಯಿ ಮಾಡಿದ್ದರು. ಟೀಚರ್ ಎರಡು ರೊಟ್ಟಿ ಉಂಡರು. ವಾಪಸು ಬರುವಾಗ ಬಸ್ಸಿನ ಕಿಟಕಿಯಿಂದ ಎಲ್ಲ ವಾಂತಿ ಮಾಡಿಕೊಂಡರು.

ಇದನ್ನು ಹೇಳುವಾಗಲೇ ಅವರು ಅತ್ತದ್ದು. "ನಾಲಿಗೆ ಉಂಡಿತು, ಹೊಟ್ಟೆ ಒಪ್ಪಲಿಲ್ಲ." ಐವತ್ತು ವರ್ಷದ ಅಸಹ್ಯ ಒಂದು ಊಟಕ್ಕೆ ಹೋಗುವುದಿಲ್ಲ ಎಂದೆ. ಅದನ್ನು ಪಾಪ ಎಂದು ಲೆಕ್ಕ ಹಾಕಬೇಡಿ, ಮೈ ಕಲಿತದ್ದನ್ನು ಮೈಯೇ ಮರೆಯಬೇಕು, ಹದಿನೈದು ದಿನಕ್ಕೆ ಮತ್ತೆ ಹೋಗಿ. ಮನಸ್ಸು ಬದಲಾದ ಮೇಲೆ ಹೋಗುತ್ತೇನೆ ಎಂದು ಕಾದರೆ ಹೋಗುವುದೇ ಇಲ್ಲ.

ಎರಡನೇ ಸಲ ಹೋಗುವ ಮೊದಲು ಅವರಿಗೊಂದು ಯೋಚನೆ ಬಂದಿತ್ತು. ಭಾವ ದಿನಾ ಇಪ್ಪತ್ತು ನಿಮಿಷ ಬೋಗುಣಿಯ ತಣ್ಣೀರಲ್ಲಿ ಕಾಲು ನೆನೆಸಿ, ಗಟ್ಟಿ ಚರ್ಮ ಉಜ್ಜಿ, ಎಣ್ಣೆ ಹಚ್ಚಿಕೊಳ್ಳುತ್ತಾರೆ. ಸ್ಪರ್ಶವಿಲ್ಲದ ಪಾದ ಒಡೆಯದಂತೆ ಕಾಪಾಡುವ ಪದ್ಧತಿ ಇದು. ಆ ಪಾದ ತಾನು ತೊಳೆಯಬೇಕು, ಯೇಸು ಶಿಷ್ಯರ ಪಾದ ತೊಳೆದ ಹಾಗೆ! ಕಣ್ಣು ತುಂಬಿ ಬಂದಿತ್ತು. ನಾನು ತಡೆದೆ. ಮೂವತ್ತು ವರ್ಷದಿಂದ ಅವರೇ ತೊಳೆದುಕೊಳ್ಳುತ್ತಿದ್ದಾರೆ, ನಿಮ್ಮ ನೆಮ್ಮದಿಗಾಗಿ ಅವರ ಕಾಲು ಕೇಳಬೇಡಿ. ಏನು ಬೇಕು ಎಂದು ಅವರನ್ನೇ ಕೇಳಿ. ಸ್ವಲ್ಪ ಬಿರುಸಾಗಿಯೇ ಹೇಳಿದೆನೋ ಏನೋ, ಟೀಚರ್ ಮುಖ ಸಣ್ಣದಾಯಿತು.

ಭಾವ ಕೇಳಿದ್ದು ಬೇರೆಯೇ. ರೇಷನ್ ಅಂಗಡಿಯ ಮಷೀನಿನಲ್ಲಿ ಅವರ ಹೆಬ್ಬೆಟ್ಟು ಬೀಳುವುದಿಲ್ಲ, ಬೆರಳಿನ ತುದಿಯೇ ಸವೆದಿದೆ. ಪ್ರತಿ ತಿಂಗಳೂ ಜಗಳ. ಅಂಗವಿಕಲರ ಕಾರ್ಡೂ ಆಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಕುಷ್ಠದಿಂದ ಗುಣವಾದವರೂ ಇದ್ದಾರೆ ಎಂದು ನಾನು ತಿಳಿಸಿದೆ. ಹೆಬ್ಬೆಟ್ಟಿನ ಬದಲು ಕಣ್ಣಿನ ಗುರುತು, ಮೊಬೈಲ್ ಓಟಿಪಿ ಇಂಥ ದಾರಿ ಇವೆ ಎಂದೂ ಹೇಳಿದೆ. ಟೀಚರ್ ಮೂರು ದಿನ ಸಿಎಲ್ ಹಾಕಿ ಅವರ ಜೊತೆ ಕ್ಯೂನಲ್ಲಿ ನಿಂತರು. ಜಿಲ್ಲಾ ಆಸ್ಪತ್ರೆಯಲ್ಲಿ ಎಂಸಿಆರ್ ಚಪ್ಪಲಿಗೆ ಅಳತೆಯನ್ನೂ ಕೊಡಿಸಿದರು. ಸಂವೇದನೆ ಇಲ್ಲದ ಪಾದಕ್ಕೆಂದೇ ಮಾಡುವ ಮೆತ್ತನೆಯ ರಬ್ಬರಿನ ಚಪ್ಪಲಿ ಅದು. ಬೆಂಚಿನ ಮೇಲೆ ಪಕ್ಕದಲ್ಲಿ ಕೂತು ಕೂತು ಅಸಹ್ಯ ಯಾವಾಗ ಹೋಯಿತೋ ಗೊತ್ತಾಗಲಿಲ್ಲವಂತೆ. ಮೂರನೇ ದಿನ ಭಾವ ಕುಡಿದ ನೀರಿನ ಬಾಟಲಿಯಿಂದಲೇ ಕುಡಿದೆ ಎಂದು ಮನೆಗೆ ಬಂದ ಮೇಲೆ ನೆನಪಾಯಿತಂತೆ.

ಬೀಗರಿಗೆ ಹೇಳುವುದೇ ಕಷ್ಟವಾಯಿತು. ಬೇರೆಯವರ ಬಾಯಿಂದ ಹೋಗುವ ಮೊದಲು ನೀವೇ ಹೇಳಿ, ಮಗಳನ್ನೂ ಕೂರಿಸಿಕೊಂಡು ಹೇಳಿ ಎಂದಿದ್ದೆ. ಕ್ರೈಸ್ತರ ವಿಚ್ಛೇದನ ಕಾಯ್ದೆಯಲ್ಲಿ ಕುಷ್ಠರೋಗವೂ ಒಂದು ಕಾರಣವಾಗಿತ್ತು, ಅದನ್ನು ತೆಗೆದದ್ದು 2019ರಲ್ಲಷ್ಟೇ. ಕಾನೂನಿಗೇ ಅಷ್ಟು ಹೊತ್ತು ಬೇಕಾಯಿತು ಎಂದ ಮೇಲೆ ಬೀಗರು ಹಿಂಜರಿದರೆ ಆಶ್ಚರ್ಯವೇನಿಲ್ಲ. ಡಾಕ್ಟರ ಪತ್ರ ಕೇಳಿದರು. ಮಗಳು ಕೊಡಬಾರದು ಎಂದಳು. ಮದುವೆ ಸದ್ಯಕ್ಕೆ ಮುಂದಕ್ಕೆ ಹೋಗಿದೆ. ನನ್ನ ಸಲಹೆಯ ಬೆಲೆ ಆ ಹುಡುಗಿ ಕಟ್ಟುತ್ತಿದ್ದಾಳೆ ಎಂಬುದು ನನ್ನ ತಲೆಯಲ್ಲಿದೆ.

ಇನ್ನು ಕರ್ತನ ಭೋಜನ. ಆ ಚರ್ಚಿನಲ್ಲಿ ಎಲ್ಲರೂ ಒಂದೇ ಪಾತ್ರೆಯಿಂದ ದ್ರಾಕ್ಷಾರಸ ಕುಡಿಯುವ ರೂಢಿ. ಸಭಾಪಾಲಕರು ಒಳ್ಳೆಯವರು, ಆದರೆ ಸಮಿತಿಯಲ್ಲಿ ಇಬ್ಬರು ಪಟ್ಟು ಹಿಡಿದರು: ಅವರು ಕೊನೆಗೆ ಬರಲಿ, ಇಲ್ಲವೇ ಅವರಿಗೆ ಬೇರೆ ಲೋಟ. ಟೀಚರ್ ನನ್ನನ್ನು ಕೇಳಿದರು. ಬೇರೆ ಲೋಟ ಎಂದರೆ ಹಿತ್ತಲ ಕೋಣೆಯ ತಟ್ಟೆಯೇ ಮತ್ತೆ ಎಂದೆ. ಬದಲಾಯಿಸಲೇಬೇಕಾದರೆ ಎಲ್ಲರಿಗೂ ಬದಲಾಯಿಸಲಿ, ಒಬ್ಬರಿಗಲ್ಲ. ಇದನ್ನು ಅವರು ಹಾಗೆಯೇ ಸಮಿತಿಗೆ ಹೇಳಿದರು. ಪಾತ್ರೆ ಬದಲಾಗಲಿಲ್ಲ.

ಈಸ್ಟರ್ ದಿನ ಭಾವ, ನೆಗೆಣ್ಣಿ ಇಬ್ಬರೂ ಬಂದರು. ಮೂರನೇ ಸಾಲಿನಲ್ಲಿ ಕೂತರು. ರೊಟ್ಟಿಯ ತುಣುಕು ಬೆರಳಲ್ಲಿ ನಿಲ್ಲುವುದಿಲ್ಲ ಎಂದು ಅಂಗೈ ಒಡ್ಡಿ ತೆಗೆದುಕೊಂಡರು. ಅವರ ನಂತರ ಪಾತ್ರೆ ಟೀಚರಿಗೆ ಬಂತು. ಅವರ ಹಿಂದೆ ನಿಂತಿದ್ದ ಐದಾರು ಜನ ಮೆಲ್ಲನೆ ಸಾಲು ಬಿಟ್ಟು ಬೆಂಚಿಗೆ ಮರಳಿದರು. ಮಹಿಳಾ ಸಂಘದ ಕಾರ್ಯದರ್ಶಿಯೂ ಅದರಲ್ಲಿ ಇದ್ದರು. ಒಬ್ಬ ಮುದುಕಿ ಮಾತ್ರ ನಿಂತರು. ಅವರು ಭಾವನ ಜೊತೆ ಭಾನುವಾರದ ಶಾಲೆಗೆ ಹೋದವರಂತೆ.

ಟೀಚರ ಗಂಡ ಒಳಗೆ ಬರಲಿಲ್ಲ. ಆರಾಧನೆ ಮುಗಿಯುವ ತನಕ ಗೇಟಿನ ಹೊರಗೆ ಸ್ಕೂಟರಿನ ಮೇಲೆ ಕೂತಿದ್ದರು. ಅಣ್ಣನನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದರು. ದಾರಿಯಲ್ಲಿ ಏನು ಮಾತಾಯಿತು ಎಂದು ಹೇಳಿಲ್ಲ.

ಟೀಚರಿಗೆ ಈಗ ನಾಲ್ಕೈದು ಗಂಟೆ ನಿದ್ದೆ ಬರುತ್ತದೆ. ಹೋದ ವಾರ ಅವರ ಗಂಡನೇ ನನಗೆ ಫೋನ್ ಮಾಡಿದ್ದರು. ತಮಗೂ ಒಂದು ಸಲ ಮಾತಾಡಬೇಕಂತೆ. ಯಾರೂ ಇಲ್ಲದ ಹೊತ್ತು, ಕತ್ತಲಾದ ಮೇಲೆ ಆಗಬಹುದೇ ಎಂದು ಕೇಳಿದರು. ಗುರುವಾರ ಏಳೂವರೆಗೆ ಬರಲು ಹೇಳಿದ್ದೇನೆ.