ಇಂಡಿಯ ಲಿಂಬೆ, ಲೋಕಾಪುರದ ಸುಣ್ಣ

ಪ್ರಶ್ನೆ: ಉಸಿರನ್ನು ‘ಲೈಮ್ ವಾಟರ್’ಗೆ ಊದಿದರೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ ಎಂದು ವಿಜ್ಞಾನದ ಪಾಠದಲ್ಲಿ ಓದಿದ ನನ್ನ ಮಗಳು, ನಮ್ಮ ತೋಟದ ಲಿಂಬೆಹಣ್ಣನ್ನೇ ನೀರಿಗೆ ಹಿಂಡಿ, ಅರ್ಧ ತಾಸು ಕೊಳವೆಯಿಂದ ಊದಿದಳು. ಏನೂ ಆಗಲಿಲ್ಲ. ‘ಲೈಮ್’ ಎಂದರೆ ಸುಣ್ಣವೂ ಹೌದೆಂದು ಶಿಕ್ಷಕರು ಹೇಳಿದರಂತೆ. ಹಣ್ಣಿಗೂ ಸುಣ್ಣಕ್ಕೂ ಇಂಗ್ಲಿಷಿನವರು ಒಂದೇ ಹೆಸರಿಟ್ಟದ್ದೇಕೆ?
– ಓದುಗರೊಬ್ಬರು, ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ

ಉತ್ತರ: ಇಂಡಿಯ ಮಗುವಿಗೆ ‘ಲೈಮ್’ ಎಂದೊಡನೆ ಲಿಂಬೆ ನೆನಪಾಗದೆ ಇನ್ನೇನು ನೆನಪಾದೀತು? ಇದೇ ಪಾಠವನ್ನು ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಸುಣ್ಣದಕಲ್ಲಿನ ಗಣಿಗಳ ಬಳಿ ಬೆಳೆದ ಮಗು ಓದಿದ್ದರೆ ಬಹುಶಃ ಎಡವುತ್ತಿರಲಿಲ್ಲ.

ಈ ಹೆಸರನ್ನು ಯಾರೂ ಕೂತು ಇಟ್ಟದ್ದಲ್ಲ. ಸುಣ್ಣವೆಂಬ ಅರ್ಥದ ‘ಲೈಮ್’ ಹಳೆಯ ಇಂಗ್ಲಿಷಿನ ‘ಲೀಮ್’ ಎಂಬ ಶಬ್ದ; ಅಂಟುವ ವಸ್ತು, ಗಾರೆ ಎಂಬುದು ಅದರ ಮೂಲಾರ್ಥವಾಗಿದ್ದು, ಕೆಸರೆಂಬ ಅರ್ಥದ ಲ್ಯಾಟಿನ್ನಿನ ‘ಲೀಮುಸ್’ ಅದರ ದಾಯಾದಿ. ಹಣ್ಣಿನ ‘ಲೈಮ್’ ಬಂದದ್ದು ಅರಬ್ಬಿಯಿಂದ, ಸ್ಪ್ಯಾನಿಷ್ ಮತ್ತು ಫ್ರೆಂಚ್ ಭಾಷೆಗಳನ್ನು ಹಾಯ್ದು. ಇಷ್ಟೇ ಸಾಲದೆಂಬಂತೆ ಇಂಗ್ಲೆಂಡಿನ ರಸ್ತೆಬದಿಗಳಲ್ಲಿ ‘ಲೈಮ್’ ಎಂಬ ದೊಡ್ಡ ಮರವೂ ಇದೆ. ಅದು ಲಿಂಬೆಯ ಗಿಡವಲ್ಲ. ಹಿಂದೆ ‘ಲಿಂಡ್’ ಎನಿಸಿಕೊಂಡಿದ್ದ ಮರದ ಹೆಸರು ಬಾಯಿಂದ ಬಾಯಿಗೆ ಸವೆದು ಹೀಗಾಗಿದೆ. ಪತ್ರಿಕೆಗಳು ದಿನವೂ ಬರೆಯುವ ‘ಲೈಮ್‌ಲೈಟ್’ ಮಾತ್ರ ಸುಣ್ಣದ ಮನೆತನದ್ದು: 19ನೆಯ ಶತಮಾನದ ರಂಗಮಂದಿರಗಳಲ್ಲಿ ಸುಟ್ಟ ಸುಣ್ಣದ ತುಂಡನ್ನು ಉಗ್ರವಾದ ಜ್ವಾಲೆಯಲ್ಲಿ ಕಾಯಿಸಿ, ಅದು ಸೂಸುವ ಬೆಳಕನ್ನು ನಟರ ಮೇಲೆ ಬೀರುತ್ತಿದ್ದರು.

ಒಂದೇ ಶಬ್ದ ಕವಲೊಡೆದು ಎರಡು ಅರ್ಥ ಪಡೆಯುವುದು ಬೇರೆ ಸಂಗತಿ. ಭಾರ ಎತ್ತುವ ಯಂತ್ರಕ್ಕೆ ‘ಕ್ರೇನ್’ ಎಂದದ್ದು ಉದ್ದ ಕತ್ತಿನ ಕೊಕ್ಕರೆಯಂಥ ಹಕ್ಕಿಯನ್ನು ನೋಡಿಯೇ. ಆದರೆ ದಿನಾಂಕದ ‘ಡೇಟ್’ ಮತ್ತು ಖರ್ಜೂರದ ‘ಡೇಟ್’ ನಡುವೆ ಇಂಥ ನಂಟಿಲ್ಲ. ಮೊದಲನೆಯದು ‘ಕೊಟ್ಟದ್ದು’ ಎಂಬ ಲ್ಯಾಟಿನ್ ಶಬ್ದದಿಂದ, ಎರಡನೆಯದು ‘ಬೆರಳು’ ಎಂಬ ಗ್ರೀಕ್ ಶಬ್ದದಿಂದ ಬಂದದ್ದು. ಒಳ್ಳೆಯ ಇಂಗ್ಲಿಷ್ ನಿಘಂಟುಗಳು ಇಂಥ ಸಂಬಂಧವಿಲ್ಲದ ಶಬ್ದಗಳನ್ನು ಪ್ರತ್ಯೇಕವಾಗಿ ನಮೂದಿಸಿ, ತಲೆಯ ಮೇಲೆ 1, 2 ಎಂದು ಸಣ್ಣ ಅಂಕಿ ಹಾಕಿರುತ್ತವೆ. ಮಗಳಿಗೆ ಅದನ್ನು ತೋರಿಸಿರಿ.

ನಮ್ಮಲ್ಲಿ ಇದಿಲ್ಲವೆಂದು ಬೀಗುವಂತೆಯೂ ಇಲ್ಲ. 2019ರಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಯರ ನೆರೆಯಿಂದ ನಮ್ಮ ಜಿಲ್ಲೆಗಳ ಜನ ಮನೆ ಬಿಟ್ಟು ಹೊರಟಾಗ, ಎಷ್ಟೋ ಮಂದಿಗೆ ಆಸರೆಯಾದವರು ನೆರೆಯ ಊರಿನವರು. ಬಸವಣ್ಣನವರ ‘ನೆರೆ ಕೆನ್ನೆಗೆ, ತೆರೆ ಗಲ್ಲಕೆ’ ಎಂಬ ಸಾಲಿನ ನೆರೆ ಇವೆರಡೂ ಅಲ್ಲ. ಅದು ನರೆತ ಕೂದಲು. ನರೆ ಎಂಬುದೇ ಬಾಯಲ್ಲಿ ನೆರೆಯಾಗಿ ಉಳಿದೆರಡರ ಸಾಲಿಗೆ ಬಂದು ಸೇರಿದೆ. ಅಲ್ಲಿಯ ತೆರೆಯೂ ನದಿಯದಲ್ಲ, ಚರ್ಮದ ಸುಕ್ಕು.

ಇನ್ನು ಪ್ರಯೋಗದ ಮಾತು. ಎಲೆಅಡಿಕೆಯ ಡಬ್ಬಿಯಲ್ಲಿರುವ ಸುಣ್ಣವನ್ನೇ ಚಿಟಿಕೆಯಷ್ಟು ಒಂದು ಲೋಟ ನೀರಿನಲ್ಲಿ ಕದಡಿ, ರಾತ್ರಿಯಿಡೀ ಮುಚ್ಚಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ಬಸಿದುಕೊಳ್ಳಿರಿ. ನೀವು ಪಕ್ಕದಲ್ಲಿದ್ದು, ಅದನ್ನು ಹೀರದಂತೆಯೂ ಕಣ್ಣಿಗೆ ಸಿಡಿಯದಂತೆಯೂ ನೋಡಿಕೊಂಡು ಮಗಳಿಂದ ಊದಿಸಿರಿ. ಉಸಿರಿನ ಇಂಗಾಲದ ಡೈಆಕ್ಸೈಡು ಕರಗಿದ ಸುಣ್ಣದೊಡನೆ ಕೂಡಿ, ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟಾಗಿ ತೇಲುವುದರಿಂದ ನೀರು ಬೆಳ್ಳಗಾಗುತ್ತದೆ. ಲೋಕಾಪುರದ ಸುಣ್ಣದಕಲ್ಲೂ ಬಹುಪಾಲು ಅದೇ ವಸ್ತು. ಇದಕ್ಕೆ ಅರ್ಧ ತಾಸು ಬೇಕಾಗದು.